ಮಾನವಶಾಸ್ತ್ರದ ಡಿಗ್ರಿ ಕೊಡಗಿನಲ್ಲೇ ಸಿಗಲಿ

ಸಂಪಾದಕರಿಗೆ ನಮಸ್ಕಾರ.

ನನ್ನ ಮಗಳು ಈ ಸಲ ಕಲಾ ವಿಭಾಗದಲ್ಲಿ ದ್ವಿತೀಯ ಪಿಯುಸಿ ಮುಗಿಸಿದಳು. ಡಿಗ್ರಿಗೆ ಮಾನವಶಾಸ್ತ್ರ ಓದುತ್ತೇನೆ ಅಂದಳು. ಹತ್ತಿರದ ಮೂರು ಕಾಲೇಜುಗಳಲ್ಲಿ ವಿಚಾರಿಸಿದೆವು, ಮೂರರಲ್ಲೂ ಇಲ್ಲ. ಒಂದು ಕಡೆ ಅಡ್ಮಿಷನ್ ನೋಡಿಕೊಳ್ಳುವವರು "ಅಂದ್ರೆ ಸಮಾಜಶಾಸ್ತ್ರ ತಾನೇ, ಅದಕ್ಕೇ ಸೇರಿಸಿ ಬಿಡಿ" ಅಂದರು. ಮಗಳ ಮುಖ ಸಣ್ಣದಾಯಿತು. ಎರಡೂ ಒಂದೇ ಅಲ್ಲ ಅಂತ ಅವಳಿಗೆ ಗೊತ್ತಿತ್ತು, ನನಗೆ ಆಮೇಲೆ ಗೊತ್ತಾಯಿತು. ಒಂದು ತಿಂಗಳು ಸಿಕ್ಕಿದ್ದನ್ನೆಲ್ಲ ಓದಿ ಈ ಪತ್ರ ಬರೆಯುತ್ತಿದ್ದೇನೆ.

ಈ ವಿಷಯಕ್ಕೆ ನಾಲ್ಕು ಕೊಂಬೆ. ಮನುಷ್ಯನ ದೇಹ ಮತ್ತು ವಂಶ, ಸಮಾಜ ಮತ್ತು ಆಚಾರ, ಮಣ್ಣಿನಡಿ ಸಿಗುವ ಹಳೆಯ ಕುರುಹು, ಭಾಷೆ. ನಮ್ಮಲ್ಲಿ ಈ ಡಿಗ್ರಿ ಇರುವ ಕಡೆ ಪ್ರಾಕ್ಟಿಕಲ್ ಇರುತ್ತದೆ. ಮೂಳೆ ಗುರುತಿಸಬೇಕು, ತಲೆ ಮೈಯ ಅಳತೆ ತೆಗೆಯಬೇಕು, ಒಂದು ಮನೆತನದ ವಂಶವೃಕ್ಷ ಬರೆಯಬೇಕು. ಕೊನೆಗೆ ಒಂದು ಊರಿಗೆ ಹೋಗಿ ಉಳಿದು, ನೋಡಿದ್ದನ್ನು ವರದಿ ಮಾಡಬೇಕು.

ವಂಶವೃಕ್ಷ ಅಂದರೆ ಸುಲಭ ಅನ್ನಿಸಬಹುದು. ಚಿಕ್ಕಪ್ಪನ ಮಗ ನಮಗೆ ಅಣ್ಣ ಇಲ್ಲವೇ ತಮ್ಮ, ಸೋದರಮಾವನ ಮಗ ಭಾವ ಇಲ್ಲವೇ ಮೈದುನ, ಇಂಗ್ಲಿಷಿನಲ್ಲಿ ಎಲ್ಲರೂ ಕಸಿನ್. ಯಾರನ್ನು ಮದುವೆಯಾಗಬಹುದು, ಯಾರನ್ನು ಆಗಬಾರದು ಅನ್ನುವುದು ಆ ಒಂದೊಂದು ಪದದಲ್ಲೇ ಇದೆ. ಒಕ್ಕದ, ಅಂದರೆ ಕೊಡವ ಮನೆತನದ, ಹೆಸರು ಕೇಳಿದ ಕೂಡಲೇ ಸಂಬಂಧ ಹೇಳುವ ಅಜ್ಜಿಯಂದಿರು ನಮ್ಮ ಐನ್‌ಮನೆಗಳಲ್ಲಿ, ಅಂದರೆ ಒಕ್ಕದ ಮೂಲಮನೆಗಳಲ್ಲಿ, ಇನ್ನೂ ಇದ್ದಾರೆ. ಅವರ ಪಕ್ಕ ಕುಳಿತು ಬರೆದುಕೊಳ್ಳಲು ನಮ್ಮ ಮಕ್ಕಳಿಗೆ ಬಿಡುವೂ ಇಲ್ಲ, ಹೇಗೆ ಬರೆದುಕೊಳ್ಳಬೇಕು ಅಂತ ಹೇಳಿಕೊಡುವವರೂ ಇಲ್ಲ.

ಮೈಸೂರಿನವರಾದ ಸಮಾಜ ವಿಜ್ಞಾನಿ ಎಂ.ಎನ್. ಶ್ರೀನಿವಾಸ್ ಅವರು ಕೊಡವರ ಧರ್ಮ ಮತ್ತು ಸಮಾಜದ ಮೇಲೆ ಬರೆದ ಪುಸ್ತಕ 1952ರಲ್ಲಿ ಆಕ್ಸ್‌ಫರ್ಡ್‌ನಿಂದ ಬಂತು. ಕೆಳಗಿನ ಜಾತಿಯವರು ಮೇಲಿನ ಜಾತಿಯವರ ಆಚಾರ ಅನುಸರಿಸಿ ಮೇಲೇರಲು ನೋಡುವುದಕ್ಕೆ ಸಂಸ್ಕೃತೀಕರಣ ಅನ್ನುತ್ತಾರೆ, ಆ ವಿಚಾರ ಹೆಸರಾದದ್ದು ಅದರಿಂದಲೇ. ದೇಶದ ಎಷ್ಟೋ ಕಾಲೇಜುಗಳಲ್ಲಿ ಮಕ್ಕಳು ಅದನ್ನು ಓದುತ್ತಾರೆ. ಕೊಡಗಿನ ಹುಡುಗಿ ಮಾತ್ರ ಈ ಶಾಸ್ತ್ರ ಕಲಿಯಲು ಜಿಲ್ಲೆ ಬಿಟ್ಟು ಹೋಗಬೇಕು. ಮೈಸೂರು, ಧಾರವಾಡದ ವಿಶ್ವವಿದ್ಯಾಲಯಗಳಲ್ಲಿ ವಿಭಾಗ ಇದೆ ನಿಜ, ಆದರೆ ಹಾಸ್ಟೆಲ್, ಬಸ್ಸು, ಊಟ ಅಂತ ಲೆಕ್ಕ ಹಾಕಿದರೆ ಎಷ್ಟು ಮನೆಯವರಿಗೆ ಆಗುತ್ತದೆ? ಹಾಡಿಯ, ಅಂದರೆ ಬುಡಕಟ್ಟು ಜನರ ಕೇರಿಯ, ಮಕ್ಕಳ ಮಾತಂತೂ ಬಿಡಿ.

ಆ ಮಕ್ಕಳಿಗೆ ಇದು ಸಿಗಲಿ ಅನ್ನುವುದೇ ನನ್ನ ದೊಡ್ಡ ಆಸೆ. 2006ರ ಅರಣ್ಯ ಹಕ್ಕು ಕಾಯ್ದೆಯ ನಿಯಮಗಳನ್ನು ಓದಿದಾಗ ನನಗೆ ಆಶ್ಚರ್ಯವಾಯಿತು. ಕಾಡಿನ ಜಾಗದ ಮೇಲೆ ಹಕ್ಕು ಕೇಳುವವರು ಕೊಡಬಹುದಾದ ಸಾಕ್ಷಿಗಳಲ್ಲಿ ಹಿರಿಯರು ಹೇಳಿ ಬರೆಸಿದ ಮಾತು ಇದೆ, ವಂಶಾವಳಿ ಇದೆ, ಸ್ಮಶಾನ ಮತ್ತು ದೇವರ ಜಾಗಗಳಿವೆ, ಭಾರತೀಯ ಮಾನವಶಾಸ್ತ್ರ ಸಮೀಕ್ಷೆಯಂಥ ಸಂಸ್ಥೆಗಳು ಮಾಡಿದ ಅಧ್ಯಯನವೂ ಇದೆ. ಅಂದರೆ ಮಾನವಶಾಸ್ತ್ರದ ವಿದ್ಯಾರ್ಥಿ ಕಲಿಯುವ ಕೆಲಸವೇ! ಜೇನು ಕುರುಬರ, ಯರವರ ಮನೆಯ ಹುಡುಗನೊಬ್ಬ ಇದನ್ನು ಕಲಿತರೆ ತನ್ನ ಅಜ್ಜನ ಮಾತನ್ನು ಸರಿಯಾಗಿ ಬರೆದಿಡುತ್ತಾನೆ, ಹೊರಗಿನವರು ಬಂದು ಬರೆಯಲಿ ಅಂತ ಕಾಯಬೇಕಾಗಿಲ್ಲ.

ಬುಡಕಟ್ಟು ಜನರಲ್ಲಿ ಹೆಚ್ಚು ಕಾಣುವ, ಹೆತ್ತವರಿಂದ ಮಕ್ಕಳಿಗೆ ಬರುವ ರಕ್ತದ ಕಾಯಿಲೆ ಸಿಕಲ್ ಸೆಲ್ ಅನ್ನೇ ನೋಡಿ. 2023ರಲ್ಲಿ ಕೇಂದ್ರ ಸರ್ಕಾರ ಅದನ್ನು ತೊಲಗಿಸಲು ಅಭಿಯಾನ ಶುರು ಮಾಡಿತು. ತಂದೆ ತಾಯಿ ಇಬ್ಬರೂ ಆ ಗುಣ ಹೊತ್ತವರಾದರೆ ಹುಟ್ಟುವ ಪ್ರತಿ ಮಗುವಿಗೂ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ರಕ್ತ ಪರೀಕ್ಷೆ ಮಾಡುವುದು ಒಂದು ಕೆಲಸ, ಅದನ್ನು ಮದುವೆ ಸಂಬಂಧ ನೋಡುತ್ತಿರುವ ಮನೆಯವರಿಗೆ ಅವರ ಮಾತಿನಲ್ಲಿ, ಅವಮಾನ ಆಗದ ಹಾಗೆ ತಿಳಿಸುವುದು ಇನ್ನೊಂದು ಕೆಲಸ. ಎರಡನೆಯದಕ್ಕೆ ಈ ಓದು ಬೇಕು.

ಹಾಗಾಗಿ ಇಲ್ಲಿ ಈ ಕೋರ್ಸ್ ಶುರುವಾದರೆ ಪಿಯುಸಿಯಲ್ಲಿ ಸೈನ್ಸ್ ಇರಲೇಬೇಕು ಅಂತ ದಯವಿಟ್ಟು ಹೇಳಬೇಡಿ. ಬಿಎಸ್ಸಿಯಾಗಿ ಕಲಿಸುವ ಕಡೆ ಹಾಗೆ ಕೇಳುವುದುಂಟು. ಹಾಡಿಯಿಂದ ಬರುವ ನಾನು ಕಂಡ ಮಕ್ಕಳೆಲ್ಲ ಕಲಾ ವಿಭಾಗದವರೇ, ಬಾಗಿಲಲ್ಲೇ ಅವರನ್ನು ನಿಲ್ಲಿಸಿದ ಹಾಗಾಗುತ್ತದೆ. ಬಿಎ ಮಾಡಿ, ಬೇಕಾದ ಜೀವಶಾಸ್ತ್ರವನ್ನು ಮೊದಲ ಸೆಮಿಸ್ಟರಿನಲ್ಲಿ ಕಲಿಸಿ.

ಕಡ್ಡಾಯ ಮಾಡುವುದಾದರೆ ಜಿಲ್ಲೆಯ ಒಂದು ಭಾಷೆಯನ್ನು ಮಾಡಿ. ಕೊಡವ ತಕ್ಕ್, ಅರೆಭಾಷೆ, ಯರವರ ಮಾತು, ಯಾವುದಾದರೂ ಸರಿ, ತನ್ನ ಮನೆಯದ್ದಲ್ಲದ ಒಂದು. ನಮ್ಮ ತೋಟಕ್ಕೆ ಇಪ್ಪತ್ತು ವರ್ಷದಿಂದ ಯರವರು ಕೆಲಸಕ್ಕೆ ಬರುತ್ತಾರೆ, ಅವರಿಗೆ ನನ್ನ ಭಾಷೆ ಚೆನ್ನಾಗಿ ಬರುತ್ತದೆ, ನನಗೆ ಅವರದ್ದು ಹತ್ತು ಮಾತೂ ಬಾರದು. ಇದು ಸರಿಯಲ್ಲ ಅಲ್ವಾ?

ಇನ್ನೊಂದು ವಿಷಯ, ಇದನ್ನು ಸ್ವಲ್ಪ ನೋವಿನಿಂದಲೇ ಹೇಳುತ್ತೇನೆ. ಎರಡು ವರ್ಷದ ಹಿಂದೆ ಹೊರಗಿನ ಒಂದು ಕಾಲೇಜಿನ ಮಕ್ಕಳು ಪಕ್ಕದ ಹಾಡಿಗೆ ಬಂದಿದ್ದರು. ಎರಡು ದಿನ ಮನೆ ಮನೆಗೆ ಹೋಗಿ ಪ್ರಶ್ನೆ ಕೇಳಿದರು, ಅಡುಗೆಮನೆ ಒಳಗೂ ಹೋಗಿ ಫೋಟೋ ತೆಗೆದರು, ಒಬ್ಬ ಅಜ್ಜಿಯಿಂದ ಸಾವಿನ ಹಾಡು ಹೇಳಿಸಿ ರೆಕಾರ್ಡ್ ಮಾಡಿದರು. ಸಾವಿಲ್ಲದ ದಿನ ಅದನ್ನು ಹಾಡಬಾರದು ಅಂತ ಅಜ್ಜಿ ಹೇಳಿದ್ದರಂತೆ, ಒತ್ತಾಯಕ್ಕೆ ಹಾಡಿದರು. ವರದಿ ಏನಾಯಿತೋ, ಒಂದು ಫೋಟೋ ಕೂಡ ವಾಪಸ್ ಬರಲಿಲ್ಲ. ಮಕ್ಕಳ ತಪ್ಪಲ್ಲ, ಹೇಗೆ ಕೇಳಬೇಕು, ಬೇಡ ಅಂದಾಗ ಹೇಗೆ ಸುಮ್ಮನಿರಬೇಕು ಅಂತ ಅವರಿಗೆ ಯಾರೂ ಕಲಿಸಿರಲಿಲ್ಲ. ಅದಕ್ಕೇ ನನ್ನ ಬೇಡಿಕೆ. ಕಡಿಮೆ ಅಂದರೂ ಹದಿನೈದು ದಿನ ಒಂದೇ ಊರಿನಲ್ಲಿ ಉಳಿಯಬೇಕು, ಮೊದಲು ಹಿರಿಯರ ಒಪ್ಪಿಗೆ ಪಡೆಯಬೇಕು, ವರದಿಯನ್ನು ಕನ್ನಡದಲ್ಲಿ ಬರೆದು ಆ ಊರಿನವರ ಎದುರು ಓದಬೇಕು. ಅವರು ತಪ್ಪಿದೆ ಅಂದದ್ದನ್ನು ತಿದ್ದಿದ ಮೇಲೆಯೇ ಅಂಕ.

ಕೆಲಸ ಸಿಗುತ್ತದಾ ಅಂತ ನಮ್ಮ ನೆಂಟರೂ ಕೇಳಿದರು. ಯುಪಿಎಸ್‌ಸಿ ಪರೀಕ್ಷೆಯಲ್ಲಿ ಇದು ಐಚ್ಛಿಕ ವಿಷಯ, ಎರಡು ಪತ್ರಿಕೆ ಸೇರಿ 500 ಅಂಕ. ವಸ್ತುಸಂಗ್ರಹಾಲಯ, ಆರೋಗ್ಯ ಯೋಜನೆ, ಬುಡಕಟ್ಟು ಕಲ್ಯಾಣದ ಕೆಲಸಗಳಿಗೂ ಈ ಓದು ನೆರವಾಗುತ್ತದೆ.

ಮಗಳು ಸದ್ಯಕ್ಕೆ ಇತಿಹಾಸ, ಸಮಾಜಶಾಸ್ತ್ರ ತೆಗೆದುಕೊಂಡು ಇಲ್ಲೇ ಸೇರಿದ್ದಾಳೆ. ಅವಳ ತಂಗಿ ಈಗ ಎಂಟನೇ ಕ್ಲಾಸು. ಕೊಡಗು ವಿಶ್ವವಿದ್ಯಾಲಯದವರು ಈ ಪತ್ರ ಓದಿದರೆ, ಒಂದೇ ಒಂದು ಕಾಲೇಜಿನಲ್ಲಾದರೂ ಈ ವಿಷಯ ತೆರೆಯಲು ಏನು ಬೇಕು, ಎಷ್ಟು ಮಕ್ಕಳು ಸೇರಬೇಕು ಅಂತ ಪತ್ರಿಕೆಯ ಮೂಲಕ ತಿಳಿಸಲಿ. ಹಾಡಿ ಹಾಡಿಗೆ ಹೋಗಿ ಹೆಸರು ಬರೆಸಿಕೊಂಡು ಬರಲು ನಾನು ತಯಾರಿದ್ದೇನೆ.

ಒಬ್ಬ ತಾಯಿ,
ಪೊನ್ನಂಪೇಟೆ ತಾಲೂಕು, ಕೊಡಗು