ಗೇಟಿನ ಆಚೆಗಿನ ರಸ್ತೆ: ಮಗಳಿಗೊಂದು ಪತ್ರ

ಹಾಸನ
ಭಾನುವಾರ

ಚಿ. ಸಹನಾಳಿಗೆ ಅಮ್ಮನ ಆಶೀರ್ವಾದಗಳು.

ನೀನು ಕಳುಹಿಸಿದ, ಬೆಂಗಳೂರಿನ ಕಾಡುಗೋಡಿ ಮತ್ತು ವಿಜಯನಗರದ ಎರಡೂ ಫ್ಲ್ಯಾಟುಗಳ ಫೋಟೊ ಮತ್ತು ವಿವರಗಳನ್ನು ಅಪ್ಪನೂ ನಾನೂ ಕುಳಿತು ನೋಡಿದೆವು. ಖಾತೆ, ಋಣಭಾರ ಪತ್ರ, ರೇರಾ ನೋಂದಣಿ ಇವುಗಳನ್ನೆಲ್ಲ ಅಪ್ಪನೂ ವಕೀಲರೂ ನೋಡಿಕೊಳ್ಳುತ್ತಾರೆ. ಅದರಲ್ಲಿ ನಾನು ತಲೆಹಾಕುವುದಿಲ್ಲ. ಕಾಡುಗೋಡಿಯ ಅಪಾರ್ಟ್‌ಮೆಂಟಿನ ಬಗ್ಗೆ ನೀನು, "ಸೇಫ್ಟಿಯದೊಂದು ಚಿಂತೆ ಇಲ್ಲಮ್ಮ, ಮೂರು ಹಂತದ ಸೆಕ್ಯೂರಿಟಿ ಇದೆ" ಎಂದು ಬರೆದಿದ್ದೀಯಲ್ಲ, ಆ ಒಂದು ಮಾತನ್ನು ಹಿಡಿದುಕೊಂಡು ಈ ಪತ್ರ ಬರೆಯುತ್ತಿದ್ದೇನೆ.

ಆ ಮೂರು ಹಂತಗಳೂ ಇರುವುದು ಗೇಟಿನ ಒಳಗೆ. ನೀನು ಎರಡನೆಯ ಪಾಳಿ ಮುಗಿಸಿ ರಾತ್ರಿ ಮೆಟ್ರೊ ಇಳಿದ ಮೇಲೆ ಆ ಗೇಟಿನವರೆಗೆ ನಡೆಯಬೇಕಾದ ದಾರಿಗೆ ಕಾವಲುಗಾರನೂ ಇಲ್ಲ, ಕ್ಯಾಮೆರಾ ಇದ್ದರೂ ಅದನ್ನು ಆ ಹೊತ್ತಿನಲ್ಲಿ ನೋಡುತ್ತಿರುವವರೂ ಇರುವುದಿಲ್ಲ. ಮನೆ ಕೊಳ್ಳುವಾಗ ನಾವು ಅಳೆಯುವುದು ಫ್ಲ್ಯಾಟಿನ ಚದರಡಿಯನ್ನು. ಅದರ ಜೊತೆಗೆ ದಿನವೂ ಬಳಸಬೇಕಾದ ಒಂದು ರಸ್ತೆಯನ್ನೂ ಕೊಳ್ಳುತ್ತಿದ್ದೇವೆ ಎಂಬುದು ಬ್ರೋಷರಿನಲ್ಲಿ ಇರುವುದಿಲ್ಲ. ನಿನ್ನ ವಿಡಿಯೊದಲ್ಲಿ ಒಂದು ಸಂಗತಿ ನನ್ನ ಕಣ್ಣಿಗೆ ಬಿತ್ತು. ಮುಖ್ಯರಸ್ತೆಯಿಂದ ತಿರುಗಿದ ಮೇಲೆ ರಸ್ತೆಯ ಎರಡೂ ಬದಿಗೆ ಎತ್ತರದ ಕಾಂಪೌಂಡ್ ಗೋಡೆಗಳೇ ಇವೆ: ಒಂದು ಕಡೆ ನಿನ್ನ ಅಪಾರ್ಟ್‌ಮೆಂಟಿನದು, ಇನ್ನೊಂದು ಕಡೆ ಇನ್ನೊಂದರದು. ರಸ್ತೆಗೆ ತೆರೆದುಕೊಂಡ ಒಂದು ಬಾಗಿಲಾಗಲಿ, ಕಿಟಕಿಯಾಗಲಿ, ಅಂಗಡಿಯಾಗಲಿ ಕಾಣಲಿಲ್ಲ. ಒಳಗಿನವರ ಭದ್ರತೆಗೆಂದು ಕಟ್ಟಿದ ಆ ಗೋಡೆಯೇ ಹೊರಗೆ ನಡೆಯುವವಳನ್ನು ಒಂಟಿಯಾಗಿಸುತ್ತದೆ, ಏಕೆಂದರೆ ಅಲ್ಲಿ ಕೂಗಿದರೆ ಬಾಗಿಲು ತೆರೆದು ನೋಡುವವರಿಲ್ಲ. ವೈಟ್‌ಫೀಲ್ಡ್ ಕಡೆಯ ಹೊಸ ರಸ್ತೆಗಳಲ್ಲಿ ಇದು ಸಾಮಾನ್ಯವಾದ್ದರಿಂದ ಒಂದು ಕಟ್ಟಡವನ್ನಷ್ಟೇ ದೂರಿ ಪ್ರಯೋಜನವಿಲ್ಲ.

ಆದ್ದರಿಂದ ಏಜೆಂಟನ ಕಾರಿನಲ್ಲಿ ಹಗಲು ಹೊತ್ತು ಹೋಗಿ ಬಂದದ್ದನ್ನು ನೋಡಿದ್ದು ಎಂದು ಲೆಕ್ಕ ಹಾಕಬೇಡ. ರಾತ್ರಿ 10 ಗಂಟೆಯ ಮೇಲೆ, ಒಬ್ಬ ಗೆಳತಿಯನ್ನು ಜೊತೆಗೆ ಕರೆದುಕೊಂಡು, ನಿಲ್ದಾಣದಿಂದ ಗೇಟಿನವರೆಗೆ ನಡೆದು ನೋಡು. ಬೀದಿದೀಪ ಉರಿಯುತ್ತಿದೆಯೇ ಎಂದು ನೋಡಿದರೆ ಸಾಲದು. ಮರದ ಕೊಂಬೆ ಅಡ್ಡ ಬಂದು ಫುಟ್‌ಪಾತ್ ಕತ್ತಲಾಗಿ, ವಾಹನ ಓಡುವ ನಡುರಸ್ತೆಗೆ ಮಾತ್ರ ಬೆಳಕು ಬೀಳುವ ಕಂಬಗಳೇ ಬೆಂಗಳೂರಿನಲ್ಲಿ ಹೆಚ್ಚು. ಖಾಲಿ ಸೈಟುಗಳಿದ್ದರೆ ಅವುಗಳ ಅಂಚನ್ನು ಗಮನಿಸು. ಒಡೆದ ಬಾಟಲಿ, ಅಗ್ಗದ ಮದ್ಯದ ಟೆಟ್ರಾ ಪ್ಯಾಕೆಟ್ಟು, ಪ್ಲಾಸ್ಟಿಕ್ ಲೋಟ ರಾಶಿ ಬಿದ್ದಿದ್ದರೆ, ಹಗಲಿನಲ್ಲಿ ಎಷ್ಟು ಶಾಂತವಾಗಿ ಕಂಡರೂ ಸಂಜೆಯ ಮೇಲೆ ಅಲ್ಲಿ ಯಾರು ಸೇರುತ್ತಾರೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಪಾಲಿಕೆಯವರು ಬ್ಲ್ಯಾಕ್‌ಸ್ಪಾಟ್ ಎಂದು ಕರೆಯುವ ಕಸದ ರಾಶಿ ದಾರಿಯಲ್ಲಿದ್ದರೆ ಬೀದಿನಾಯಿಗಳ ಗುಂಪೂ ಅಲ್ಲಿಯೇ ಇರುತ್ತದೆ; ತಡರಾತ್ರಿ ನಡೆದು ಬರುವವಳಿಗೆ ಅದೇನು ಸಣ್ಣ ವಿಷಯವಲ್ಲ.

ಆಮೇಲೆ ಹಗಲಿನಲ್ಲಿ ಇನ್ನೊಮ್ಮೆ ಹೋಗಿ ಇಸ್ತ್ರಿ ಗಾಡಿಯವರನ್ನು ಮಾತನಾಡಿಸು. ಹೊಂಗೆ ಮರದ ಕೆಳಗೆ ಕೆಂಡದ ಪೆಟ್ಟಿಗೆ ಹಿಡಿದು ಬೆಳಗಿನಿಂದ ಸಂಜೆಯವರೆಗೆ ನಿಂತಿರುವ ಅವರಿಗೆ ಯಾವ ಮನೆಗೆ ಬೀಗ ಬಿದ್ದಿದೆ, ಯಾವ ತಿರುವಿನಲ್ಲಿ ಸರಗಳ್ಳತನವಾಯಿತು, ಯಾವ ಮನೆಯ ಮುಂದೆ ಪೊಲೀಸರು ಬಂದು ಹೋದರು ಎಂಬುದೆಲ್ಲ ಗೊತ್ತಿರುತ್ತದೆ. ಹೂ ಮಾರುವವರು, ಬೇಕರಿಯವರು, ಪಿಜಿಗಳಲ್ಲಿರುವ ಹೆಣ್ಣುಮಕ್ಕಳು, ಬೆಳಿಗ್ಗೆ ಐದೂವರೆಗೇ ಮನೆಗೆಲಸಕ್ಕೆ ನಡೆದು ಬರುವ ಹೆಂಗಸರು, ಇವರನ್ನೂ ಕೇಳು. "ಇಲ್ಲಿ ಸೇಫಾ?" ಎಂದು ಕೇಳಿದರೆ ಎಲ್ಲರೂ ಹೌದು ಎನ್ನುತ್ತಾರೆ. "ರಾತ್ರಿ ಬರುವಾಗ ನೀವು ಯಾವ ರಸ್ತೆಯಲ್ಲಿ ಬರುತ್ತೀರಿ, ಯಾವುದನ್ನು ಬಿಡುತ್ತೀರಿ?" ಎಂದು ಕೇಳಿದರೆ ಮಾತ್ರ ನಿಜ ಹೊರಬರುತ್ತದೆ.

ಅಪರಾಧಗಳ ಅಂಕಿ-ಅಂಶ ನೋಡುತ್ತೇನೆ ಎಂದು ನೀನು ಹೇಳಿದ್ದೆ. ನೋಡು, ಆದರೆ ಅವು ಏನು ಹೇಳುವುದಿಲ್ಲ ಎಂಬುದೂ ತಿಳಿದಿರಲಿ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಕೊಡುವುದು ಇಡೀ ಮಹಾನಗರದ ಲೆಕ್ಕವನ್ನು. ಅದರಲ್ಲಿ ಬೆಂಗಳೂರಿನ ಸೈಬರ್ ವಂಚನೆಯ ಪ್ರಕರಣಗಳೂ ದೊಡ್ಡ ಸಂಖ್ಯೆಯಲ್ಲಿ ಸೇರಿರುತ್ತವೆ, ನಿನ್ನ ರಸ್ತೆಯ ತಿರುವಿನ ಬಗ್ಗೆ ಅದರಿಂದ ಏನೂ ತಿಳಿಯುವುದಿಲ್ಲ. ಎಫ್‌ಐಆರ್‌ಗಳನ್ನು ಪೊಲೀಸರು ಜಾಲತಾಣದಲ್ಲಿ ಪ್ರಕಟಿಸಬೇಕೆಂದು 2016ರಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿದ್ದು ನಿಜ, ಆದರೆ ಲೈಂಗಿಕ ಅಪರಾಧಗಳಂಥ ಸೂಕ್ಷ್ಮ ಪ್ರಕರಣಗಳಿಗೆ ವಿನಾಯಿತಿ ಇದೆ. ಆ ವಿನಾಯಿತಿ ಸರಿಯೇ. ಆದರೆ ಒಬ್ಬ ಹೆಣ್ಣುಮಗಳು ಮೊದಲು ತಿಳಿಯಬಯಸುವ ವಿಷಯವೇ ಆ ಪಟ್ಟಿಯಲ್ಲಿ ಇರುವುದಿಲ್ಲ ಎಂದಾಯಿತು. ಅಲ್ಲದೆ, ದೂರು ಹೆಚ್ಚು ದಾಖಲಾದ ಠಾಣೆಯ ವ್ಯಾಪ್ತಿ ಹೆಚ್ಚು ಅಪಾಯದ್ದೇ ಆಗಬೇಕೆಂದಿಲ್ಲ, ಅಲ್ಲಿ ದೂರನ್ನು ಸರಿಯಾಗಿ ಬರೆದುಕೊಳ್ಳುತ್ತಿರಲೂಬಹುದು. ಇದಕ್ಕಿಂತ, ಆ ವಿಳಾಸ ಯಾವ ಠಾಣೆಗೆ ಸೇರುತ್ತದೆ, ಬೀಟ್ ಪೊಲೀಸರು ರಾತ್ರಿ ಬರುತ್ತಾರೆಯೇ, 112ಕ್ಕೆ ಕರೆ ಮಾಡಿದವರಿಗೆ ಪೊಲೀಸರ ಹೊಯ್ಸಳ ಗಸ್ತು ವಾಹನ ಎಷ್ಟು ಹೊತ್ತಿಗೆ ಬಂತು ಎಂದು ಅಲ್ಲಿಯವರನ್ನೇ ವಿಚಾರಿಸುವುದು ಮೇಲು.

ಇನ್ನೊಂದು ಮಾತನ್ನು ಸ್ವಲ್ಪ ಕಟುವಾಗಿಯೇ ಹೇಳುತ್ತೇನೆ. ವಿಜಯನಗರದ ಮನೆಯ ಬ್ರೋಕರ್, "ಒಳ್ಳೆ ಜನ ಇರೋ ಏರಿಯಾ ಮೇಡಂ" ಎಂದನೆಂದು ಬರೆದಿದ್ದೀಯ. ನಮ್ಮ ನೆಂಟರಲ್ಲೂ ಕೆಲವರು ಈ ಮಾತನ್ನೇ ಆಡುತ್ತಾರೆ, ಅದರ ಅರ್ಥ ಯಾವ ಜಾತಿಯವರು, ಯಾವ ಧರ್ಮದವರು ಅಲ್ಲಿದ್ದಾರೆ ಅಥವಾ ಇಲ್ಲ ಎಂಬುದಷ್ಟೇ. ಆ ಲೆಕ್ಕಾಚಾರವನ್ನು ನೀನು ಇಟ್ಟುಕೊಳ್ಳಬೇಡ. ಅದು ತಪ್ಪೆಂಬುದು ಹಾಗಿರಲಿ, ಅದರಿಂದ ಭದ್ರತೆಯ ಬಗ್ಗೆ ಏನೂ ತಿಳಿಯುವುದೂ ಇಲ್ಲ. ಬಡವರ ಸಣ್ಣ ಮನೆಗಳ ಬೀದಿಯಲ್ಲಿ ರಾತ್ರಿ ಹನ್ನೊಂದಕ್ಕೂ ಹೆಂಗಸರು ಬಾಗಿಲಲ್ಲಿ ಕುಳಿತು ಮಾತನಾಡುತ್ತಿದ್ದರೆ, ಆ ಬೀದಿಯಲ್ಲಿ ನೀನು ನಡೆದು ಬರುವುದು ಆ ಎರಡು ಕಾಂಪೌಂಡ್ ಗೋಡೆಗಳ ನಡುವೆ ಬರುವುದಕ್ಕಿಂತ ನನಗೆ ಸಮಾಧಾನ.

ಹಾಗೆಂದು ವಿಜಯನಗರವೇ ಆಗಲಿ ಎಂದು ಒತ್ತಾಯಿಸುತ್ತಿಲ್ಲ. ಹಳೆಯ ಬಡಾವಣೆಗಳಲ್ಲಿ ಬೆಳಿಗ್ಗೆ ರಂಗೋಲಿ ಹಾಕುತ್ತಿರುವ, ದೇವಸ್ಥಾನಕ್ಕೆ ಹೊರಟ ಹೆಂಗಸರ ಕುತ್ತಿಗೆಗೇ ಬೈಕಿನಲ್ಲಿ ಬಂದವರು ಕೈ ಹಾಕುತ್ತಾರೆ. ರಾತ್ರಿ ಎರಡೂ ಬದಿಗೆ ಕಾರು ನಿಂತ ಮೇಲೆ ಆ ಅಡ್ಡರಸ್ತೆಯೊಳಗೆ ಅಗ್ನಿಶಾಮಕ ವಾಹನ ಬರುವುದಿರಲಿ, ನೀರಿನ ಟ್ಯಾಂಕರ್ ಬರುವುದೂ ಅನುಮಾನ. 2010ರ ಫೆಬ್ರುವರಿಯಲ್ಲಿ ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್ಟನ್ ಟವರ್ಸ್‌ಗೆ ಬೆಂಕಿ ಬಿದ್ದಾಗ ಒಂಬತ್ತು ಜನ ಸತ್ತದ್ದು ನಿನಗೆ ನೆನಪಿರಲಿಕ್ಕಿಲ್ಲ; ಹೊರಹೋಗುವ ದಾರಿಗಳೇ ಮುಚ್ಚಿದ್ದವು ಎಂಬುದು ಆಗ ಕೇಳಿಬಂದ ದೊಡ್ಡ ದೂರು. ಯಾವ ಮನೆ ನೋಡಿದರೂ ಲಿಫ್ಟ್ ಬಿಟ್ಟು ಒಮ್ಮೆ ಮೆಟ್ಟಿಲಿನಲ್ಲಿ ಇಳಿದು ಬಾ. ಚಪ್ಪಲಿ ಸ್ಟ್ಯಾಂಡು, ಸೈಕಲ್ಲು, ಹಳೆ ಹಾಸಿಗೆ ದಾರಿಗೆ ಅಡ್ಡವಿದ್ದರೆ ನಿವಾಸಿಗಳ ಸಂಘ ಹೇಗಿದೆಯೆಂದು ಅಲ್ಲಿಯೇ ತಿಳಿಯುತ್ತದೆ.

ಈಗ ನೀರಿನ ವಿಷಯ. ಕಳ್ಳರ ಭಯಕ್ಕೆ ಕೊಡುವ ಗಮನದ ಅರ್ಧದಷ್ಟನ್ನೂ ನಮ್ಮ ಜನ ಮಳೆಗೆ ಕೊಡುವುದಿಲ್ಲ. ಬೆಂಗಳೂರು ದಿಬ್ಬದ ಮೇಲಿನ ಊರು. ಮಳೆ ನೀರು ಹೆಬ್ಬಾಳ, ಕೋರಮಂಗಲ-ಚಲ್ಲಘಟ್ಟ, ವೃಷಭಾವತಿ ಎಂಬ ಕಣಿವೆಗಳಿಗೆ ಇಳಿದು, ರಾಜಕಾಲುವೆಗಳ ಮೂಲಕ ಕೆರೆಯಿಂದ ಕೆರೆಗೆ ಹರಿಯುತ್ತಿತ್ತು. ಆ ದಾರಿಯಲ್ಲಿ ಕಟ್ಟಿದ ಮನೆ ಎಷ್ಟೇ ಬೆಲೆಯದಾದರೂ ನೀರು ಅದನ್ನು ಕೇಳುವುದಿಲ್ಲ. 2022ರ ಸೆಪ್ಟೆಂಬರಿನಲ್ಲಿ ಸರ್ಜಾಪುರ ರಸ್ತೆ, ಯಮಲೂರು ಕಡೆಯ ಕೋಟಿಗಟ್ಟಲೆ ಬೆಲೆಯ ವಿಲ್ಲಾಗಳಿಂದ ಜನರನ್ನು ಟ್ರ್ಯಾಕ್ಟರುಗಳಲ್ಲಿ, ದೋಣಿಗಳಲ್ಲಿ ಹೊರತಂದದ್ದನ್ನು ನಾವೆಲ್ಲ ಟಿವಿಯಲ್ಲಿ ನೋಡಿದ್ದೇವೆ. 2024ರ ಅಕ್ಟೋಬರಿನಲ್ಲಿ ಯಲಹಂಕದ ಕೇಂದ್ರೀಯ ವಿಹಾರದಲ್ಲೂ ಅದೇ ಆಯಿತು. ರಾಜಕಾಲುವೆಯಿಂದ ಬಿಡಬೇಕಾದ ಅಂತರ, ಅಂದರೆ ಬಫರ್, 'ಮಾಸ್ಟರ್ ಪ್ಲಾನ್ 2015'ರಲ್ಲಿ ಅದರ ದರ್ಜೆಗೆ ತಕ್ಕಂತೆ 50, 25, 15 ಮೀಟರ್ ಎಂದಿತ್ತು. ಹಸಿರು ನ್ಯಾಯಮಂಡಳಿ 2016ರಲ್ಲಿ ಬೇರೆ ಅಳತೆ ಹೇಳಿತು. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಆದ್ದರಿಂದ "ಬಫರ್ ಕ್ಲಿಯರ್ ಇದೆ" ಎಂದು ಬಿಲ್ಡರ್ ಹೇಳಿದರೆ ಕಾನೂನಿನ ಮಾತು ಮುಗಿಯಬಹುದು, ಇಳಿಜಾರಿನ ಮಾತು ಮುಗಿಯುವುದಿಲ್ಲ. ನೀನು ಸರ್ವೆ ನಂಬರ್ ಕಳುಹಿಸಿದರೆ ಅಪ್ಪ ಗ್ರಾಮ ನಕ್ಷೆ ತೆಗೆದು ಕಾಲುವೆ, ಕೆರೆ ಎಲ್ಲಿವೆ ಎಂದು ನೋಡುತ್ತಾರೆ. ಅಲ್ಲಿ ನಿಂತಿರುವಾಗ ನೀನೂ ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್ ತೆರೆದರೆ ಯಾವ ಸರ್ವೆ ನಂಬರಿನ ಮೇಲಿದ್ದೀಯ ಎಂಬುದು ತೋರುತ್ತದೆ.

ನಕ್ಷೆ ಸಿಗುವ ಮೊದಲೇ ಕಣ್ಣಿಗೆ ಕಾಣುವ ಗುರುತುಗಳಿವೆ. ಅಕ್ಕಪಕ್ಕದ ಹಳೆಯ ಮನೆಗಳ ಗೇಟಿನ ಅಡಿಯಲ್ಲಿ ಗೇಣೆತ್ತರದ ಸಿಮೆಂಟ್ ಕಟ್ಟೆ ಕಟ್ಟಿದ್ದಾರೆಯೇ ಎಂದು ನೋಡು. ಕಾರು ಹತ್ತಿಸಲು ಕಷ್ಟವಾಗುವಂಥ ಕಟ್ಟೆಯನ್ನು ಯಾರೂ ಅಂದಕ್ಕಾಗಿ ಕಟ್ಟುವುದಿಲ್ಲ. ಕರೆಂಟ್ ಮೀಟರ್ ಬೋರ್ಡನ್ನು ಮೇಲಕ್ಕೆ ಸರಿಸಿ, ಹಳೆಯ ಜಾಗದ ಮೊಳೆ ತೂತುಗಳು ಕೆಳಗೆ ಹಾಗೆಯೇ ಉಳಿದಿದ್ದರೆ, ನೀರು ಎಲ್ಲಿಯವರೆಗೆ ಬಂದಿತ್ತೆಂಬುದು ಆ ಗೋಡೆಯ ಮೇಲೆಯೇ ಇರುತ್ತದೆ. ಬೇಸ್‌ಮೆಂಟಿನಲ್ಲಿ ಪಂಪು ಏಕಿದೆ, ಕಳೆದ ಮಳೆಗಾಲದಲ್ಲಿ ಎಷ್ಟು ಸಲ ಓಡಿಸಿದಿರಿ ಎಂದು ಸೆಕ್ಯೂರಿಟಿಯವರನ್ನು ಕೇಳು, ಸೇಲ್ಸ್‌ನವರನ್ನಲ್ಲ.

ಮಳೆಯ ಜೊತೆಗೆ ವಿದ್ಯುತ್ತಿನ ಅಪಾಯವೂ ಬರುತ್ತದೆ. 2023ರ ನವೆಂಬರಿನಲ್ಲಿ ನೀನು ಮನೆ ನೋಡುತ್ತಿರುವ ಕಡೆಯೇ, ಹೋಪ್‌ಫಾರ್ಮ್ ಬಳಿ, ನಸುಕಿನಲ್ಲಿ ಫುಟ್‌ಪಾತಿನಲ್ಲಿ ನಡೆಯುತ್ತಿದ್ದ ತಾಯಿಯೊಬ್ಬಳು ಹರಿದು ಬಿದ್ದಿದ್ದ ತಂತಿ ತುಳಿದು, ಕಂಕುಳಲ್ಲಿದ್ದ ಕೂಸಿನ ಸಮೇತ ಸತ್ತಳು. ನಡೆಯುವ ದಾರಿಯಲ್ಲಿ ಜೋತುಬಿದ್ದ ತಂತಿ, ಬಾಗಿಲಿಲ್ಲದ ಫ್ಯೂಸ್ ಪೆಟ್ಟಿಗೆ, ಫುಟ್‌ಪಾತನ್ನೇ ಆಕ್ರಮಿಸಿಕೊಂಡ ಟ್ರಾನ್ಸ್‌ಫಾರ್ಮರ್ ಕಂಡರೆ ಫೋಟೊ ತೆಗೆದು ಬೆಸ್ಕಾಂನ ಸಹಾಯವಾಣಿ 1912ಕ್ಕೆ ದೂರು ಕೊಡು, ವಾರದ ಮೇಲೆ ಹೋಗಿ ಮತ್ತೆ ನೋಡು. ಅದು ಹಾಗೆಯೇ ಇದ್ದರೆ, ಆ ರಸ್ತೆಯಲ್ಲಿ ಮುಂದೆ ನಿನ್ನ ದೂರುಗಳಿಗೂ ಎಂಥ ಉತ್ತರ ಸಿಗಬಹುದೆಂದು ಅಂದಾಜಾಗುತ್ತದೆ.

ನನ್ನನ್ನು ಕೇಳಿದರೆ, ಕಾಡುಗೋಡಿಯೇ ಇಷ್ಟವಾದರೆ ಅದೇ ರಸ್ತೆಯಲ್ಲಿ 11 ತಿಂಗಳ ಕರಾರಿನ ಮೇಲೆ ಬಾಡಿಗೆಗೆ ಇದ್ದು, ಸೆಪ್ಟೆಂಬರ್-ಅಕ್ಟೋಬರಿನ ಮಳೆಯನ್ನೂ ನೋಡಿಕೊಂಡು ಆಮೇಲೆ ಕೊಳ್ಳುವುದು ಒಳ್ಳೆಯದು. ಅಷ್ಟರಲ್ಲಿ ಬೆಲೆ ಏರುತ್ತದೆ ಎಂದು ಸೇಲ್ಸ್‌ನವರು ಹೆದರಿಸುತ್ತಾರೆ, ಏರಲೂಬಹುದು. ಆ ವ್ಯತ್ಯಾಸದಲ್ಲಿ ಒಂದು ಪಾಲನ್ನು ನಾವು ಕೊಡುತ್ತೇವೆ ಎಂದು ಅಪ್ಪ ಹೇಳಿದ್ದಾರೆ, ಅದಕ್ಕಾಗಿ ಅವಸರಪಡಬೇಡ. ಬರುವ ಶನಿವಾರ ಬೆಳಗಿನ ರೈಲಿಗೆ ನಾನೇ ಬರುತ್ತೇನೆ. ಸಂಜೆ ವಿಜಯನಗರದ ಅಡ್ಡರಸ್ತೆಯನ್ನೂ, ರಾತ್ರಿ ಊಟವಾದ ಮೇಲೆ ಕಾಡುಗೋಡಿಯ ರಸ್ತೆಯನ್ನೂ ಇಬ್ಬರೂ ನಡೆದು ನೋಡೋಣ. ಅಲ್ಲಿಯವರೆಗೆ ಯಾರಿಗೂ ಟೋಕನ್ ಹಣ ಕೊಡಬೇಡ, ಮತ್ತು ಎರಡೂ ಮನೆಗಳ ಸರ್ವೆ ನಂಬರನ್ನು ನಾಳೆಯೇ ಅಪ್ಪನಿಗೆ ಕಳುಹಿಸು.

ಇತಿ,
ನಿನ್ನ ಅಮ್ಮ