ಕ್ರಿಯಾಪದ ಬರುವವರೆಗಾದರೂ ಕಾಯಬೇಕು

ಸಂಪಾದಕರಿಗೆ,

ಮಾನ್ಯರೇ,

ರಾತ್ರಿಯ ಟಿವಿ ಚರ್ಚೆಗಳಲ್ಲಿ ಯಾರ ಮಾತೂ ಕೇಳಿಸುವುದಿಲ್ಲ ಎಂಬ ದೂರು ಓದುಗರ ಪತ್ರಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ದೂರು ನಿಜ. ಆದರೆ ಪ್ರತಿ ಸಲವೂ ತಪ್ಪನ್ನು ಅತಿಥಿಗಳ ನಾಲಿಗೆಗೋ ನಿರೂಪಕರ ಸ್ವಭಾವಕ್ಕೋ ಕಟ್ಟಿ ಸುಮ್ಮನಾಗುತ್ತೇವೆ. ಟಿವಿ ಸಂದರ್ಶನ ಎಂದರೆ ಕ್ಯಾಮೆರಾ, ಮೈಕು, ಕಿವಿಯೊಳಗಿನ ಇಯರ್‌ಪೀಸು, ಗೋಡೆಯ ಗಡಿಯಾರ ಎಲ್ಲವೂ ಸೇರಿ ಆಗುವ ಕೆಲಸ. ಇವನ್ನು ಈಗ ಜೋಡಿಸುತ್ತಿರುವ ರೀತಿಯೇ ಜಗಳ ಹುಟ್ಟಿಸುತ್ತದೆ. ಅದರ ಮೇಲೆ ನಮ್ಮ ಭಾಷೆಯ ಜಾಯಮಾನಕ್ಕೆ ಸೇರಿದ ಒಂದು ಸಂಗತಿಯೂ ಇದೆ, ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಂತಿಲ್ಲ.

ಕನ್ನಡ ವಾಕ್ಯದ ತೀರ್ಪು ಇರುವುದು ಅದರ ಬಾಲದಲ್ಲಿ. "ಆ ಟೆಂಡರ್ ಕಡತಕ್ಕೆ ನಾನೇ ಸಹಿ ಹಾಕಿದೆ ಅಂತ ಅವರು ಹೇಳ್ತಿರೋದು ಸುಳ್ಳು" ಎಂದು ಒಬ್ಬರು ಹೇಳಹೊರಟಿದ್ದಾರೆ ಎಂದುಕೊಳ್ಳಿ. ಇಡೀ ವಾಕ್ಯದ ಅರ್ಥವನ್ನು ತಿರುಗಿಸುವ ಪದ ಕೊಟ್ಟಕೊನೆಯದು. "ಸಹಿ ಹಾಕಿದೆ" ಎಂಬಲ್ಲಿಗೆ ನಿರೂಪಕರು ಬಾಯಿ ಹಾಕಿ "ಹಾಗಾದ್ರೆ ಒಪ್ಕೊಂಡ್ರಿ!" ಎಂದರೆ, ಅಲ್ಲಗಳೆಯಲು ಬಂದವರು ಒಪ್ಪಿಕೊಂಡವರಾಗಿಬಿಡುತ್ತಾರೆ. ಅಷ್ಟರಲ್ಲಿ ಗ್ರಾಫಿಕ್ಸ್ ವಿಭಾಗದವರು ತೆರೆಯ ಕೆಳಗಿನ ಪಟ್ಟಿಯಲ್ಲಿ "ಸಹಿ ಹಾಕಿದ್ದು ನಾನೇ" ಎಂದು ಟೈಪ್ ಮಾಡಿಯೂ ಆಗಿರುತ್ತದೆ. ಇಂಗ್ಲಿಷಿನಲ್ಲಿ ಅಲ್ಲಗಳೆಯುವ ಪದ ಸಾಮಾನ್ಯವಾಗಿ ಮೊದಲೇ ಬಂದುಬಿಡುತ್ತದೆ, ಮಧ್ಯೆ ತಡೆದರೆ ವಿವರ ಹೋಗುತ್ತದೆ, ನಿಲುವು ಉಳಿಯುತ್ತದೆ. ಕನ್ನಡದಲ್ಲಿ ನಿಲುವೇ ಹೋಗುತ್ತದೆ. ಎದುರಾಳಿಗಳನ್ನು ಎದುರುಬದುರು ಕೂರಿಸಿ ಮಾತು ಕತ್ತರಿಸುವ ಶೈಲಿ ಸಿಎನ್‌ಎನ್‌ನ ಕ್ರಾಸ್‌ಫೈರ್ ಕಾಲದಿಂದ, ಅಂದರೆ 1982ರಿಂದ, ಅಮೆರಿಕದಲ್ಲಿ ಬೆಳೆದದ್ದು. ಅದನ್ನು ಕ್ರಿಯಾಪದ ಕೊನೆಗೆ ಬರುವ ಭಾಷೆಗೆ ಹಾಗೆಯೇ ತಂದುಕೊಂಡರೆ ನಷ್ಟ ಇಮ್ಮಡಿ.

ಟಿವಿ ಸಂದರ್ಶನ ಶುರುವಿನಿಂದಲೂ ಹೀಗಿರಲಿಲ್ಲ. 1959ರಲ್ಲಿ ಬಿಬಿಸಿ ಆರಂಭಿಸಿದ ಫೇಸ್ ಟು ಫೇಸ್‌ನಲ್ಲಿ ಪ್ರಶ್ನೆ ಕೇಳುವ ಜಾನ್ ಫ್ರೀಮನ್ ಅವರ ಮುಖ ಕಾಣುವುದೇ ಅಪರೂಪ. ಕ್ಯಾಮೆರಾ ಅತಿಥಿಯ ಮುಖವನ್ನು ತೀರಾ ಹತ್ತಿರದಿಂದ ಹಿಡಿದು ಅಲ್ಲೇ ನಿಲ್ಲುತ್ತಿತ್ತು. (ಇದೇ ಫ್ರೀಮನ್ 1965ರಿಂದ 1968ರವರೆಗೆ ದೆಹಲಿಯಲ್ಲಿ ಬ್ರಿಟನ್ನಿನ ಹೈಕಮಿಷನರ್ ಆಗಿದ್ದರು.) ಎಂಬತ್ತು ದಾಟಿದ ಮನೋವಿಜ್ಞಾನಿ ಕಾರ್ಲ್ ಯೂಂಗ್ ಅವರನ್ನು ಈಗ ದೇವರನ್ನು ನಂಬುತ್ತೀರಾ ಎಂದು ಕೇಳಿದಾಗ ಅವರು ತಡವರಿಸುತ್ತಾರೆ, ಉತ್ತರಿಸುವುದು ಕಷ್ಟ ಎನ್ನುತ್ತಾರೆ, ಆಮೇಲೆ ನನಗೆ ನಂಬುವ ಅಗತ್ಯವಿಲ್ಲ, ನನಗೆ ಗೊತ್ತು ಎನ್ನುತ್ತಾರೆ. ಆ ತಡವರಿಕೆಯನ್ನು ಫ್ರೀಮನ್ ತುಂಬಲು ಹೋಗಲಿಲ್ಲ. ಹೋಗಿದ್ದರೆ ಇವತ್ತಿಗೂ ಜನ ನೆನೆಯುವ ಆ ಉತ್ತರ ಬರುತ್ತಿರಲಿಲ್ಲ. 1977ರಲ್ಲಿ ಡೇವಿಡ್ ಫ್ರಾಸ್ಟ್ ಅಮೆರಿಕದ ಮಾಜಿ ಅಧ್ಯಕ್ಷ ನಿಕ್ಸನ್ ಅವರನ್ನು ಸಂದರ್ಶಿಸಿದಾಗ ಮುದ್ರಣವಾದದ್ದು 28 ಗಂಟೆ 45 ನಿಮಿಷ, ಅದರಿಂದ ಮೊದಲು ತಯಾರಾದದ್ದು ತಲಾ 90 ನಿಮಿಷದ ನಾಲ್ಕು ಕಂತು. ನಮ್ಮಲ್ಲೂ ತಬಸ್ಸುಮ್ ಅವರು ದೂರದರ್ಶನದಲ್ಲಿ 1972ರಿಂದ 1993ರವರೆಗೆ ಸಿನಿಮಾ ಕಲಾವಿದರನ್ನು ಎದುರಿಗೆ ಕೂರಿಸಿಕೊಂಡು ಮಾತಾಡಿಸಿದರು. ಎದುರಿಗೆ ಎನ್ನುವ ಪದವೇ ಇಲ್ಲಿ ಮುಖ್ಯ.

ಕನ್ನಡದಲ್ಲಿ 2014ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ಕಂತಿನಿಂದ ಶುರುವಾದ ವೀಕೆಂಡ್ ವಿತ್ ರಮೇಶ್ ಅಷ್ಟು ಮನೆಗಳಿಗೆ ಹತ್ತಿರವಾದದ್ದು ಕೆಂಪು ಕುರ್ಚಿಯಿಂದಲೋ ಮೇಷ್ಟ್ರು, ಗೆಳೆಯರು ಬಂದು ನಿಲ್ಲುವ ಅಚ್ಚರಿಯಿಂದಲೋ ಮಾತ್ರ ಅಲ್ಲ. ಸಾಧಕರ ಹಳೆಯ ಬಂಧುಬಳಗವನ್ನು ಕರೆತರುವ ಕ್ರಮ 1952ರಿಂದ ಅಮೆರಿಕದ ಟಿವಿಯಲ್ಲಿ ದಿಸ್ ಈಸ್ ಯುವರ್ ಲೈಫ್ ಎಂಬ ಹೆಸರಲ್ಲಿ ನಡೆದುಬಂದದ್ದೇ. ಒಬ್ಬ ಅತಿಥಿ, ಒಬ್ಬ ನಿರೂಪಕ, ಒಂದೇ ಸ್ಟುಡಿಯೋ, ಗಂಟೆಗಟ್ಟಲೆ ಮುದ್ರಣ. ಗಂಟಲು ಕಟ್ಟಿದವರು ನೀರು ಕುಡಿದು ವಾಕ್ಯ ಮುಗಿಸುವಷ್ಟು ಹೊತ್ತು ಅಲ್ಲಿ ಸಿಗುತ್ತದೆ. ಅದು ಮೆಚ್ಚುಗೆಯ ಕಾರ್ಯಕ್ರಮ, ಗಟ್ಟಿ ಪ್ರಶ್ನೆಗಳ ಜಾಗ ಅಲ್ಲ, ನಿಜ. ಆದರೆ ಗಟ್ಟಿ ಪ್ರಶ್ನೆಗೂ ಇದೇ ಏರ್ಪಾಡು ಬೇಕು.

ಬೇರೆ ಬೇರೆ ಊರುಗಳಿಂದ ಸೇರುವ ಎಂಟು ಅತಿಥಿಗಳನ್ನು ತೆರೆಯ ಎಂಟು ಕಿಟಕಿಗಳಲ್ಲಿ ತೋರಿಸುವ ಚರ್ಚೆಯಲ್ಲಿ ಏನಾಗುತ್ತದೆ ನೋಡಿ. ಮನುಷ್ಯರು ಮುಖಾಮುಖಿ ಮಾತಾಡುವಾಗ ಒಬ್ಬರ ಮಾತು ಮುಗಿದು ಇನ್ನೊಬ್ಬರದು ಶುರುವಾಗುವ ನಡುವಿನ ಅಂತರ ಸುಮಾರು 0.2 ಸೆಕೆಂಡ್. ದೂರದ ಅತಿಥಿಯ ಮಾತು ಉಪಗ್ರಹದ ಮೂಲಕ ಬರುವುದಾದರೆ, ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಎತ್ತರಕ್ಕೆ ಸಂಕೇತ ಹೋಗಿ ಇಳಿಯಲು ಒಂದು ದಿಕ್ಕಿಗೇ ಕಾಲು ಸೆಕೆಂಡ್ ಬೇಕು. ಹಲವು ಮೊಬೈಲ್ ಸಿಮ್‌ಗಳನ್ನು ಒಟ್ಟುಗೂಡಿಸಿ ದೃಶ್ಯ, ದನಿ ಕಳಿಸುವ ಬ್ಯಾಕ್‌ಪ್ಯಾಕ್ ಸಾಧನವಾದರೆ ಒಂದೆರಡು ಸೆಕೆಂಡ್ ಆಗಬಹುದು. ದೂರವಾಣಿ ಸಂಭಾಷಣೆಗೆ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಸೂಚಿಸುವ ಮಿತಿ ಒಂದು ದಿಕ್ಕಿಗೆ 0.15 ಸೆಕೆಂಡ್, 0.4 ದಾಟಲೇಬಾರದು. ಈಗ ರಾಯಚೂರಿನಿಂದ ಮಾತಾಡುವ ರೈತ ಮುಖಂಡರೊಬ್ಬರಿಗೆ ಪ್ರಶ್ನೆ ತಲುಪುವುದೇ ತಡ. ಅವರು ಬಾಯಿ ತೆರೆಯುವ ಹೊತ್ತಿಗೆ ಇಲ್ಲಿ ಬೆಂಗಳೂರಿನಲ್ಲಿ ಉತ್ತರ ಬರಲಿಲ್ಲವೆಂದು ನಿರೂಪಕರು ಪ್ರಶ್ನೆಯನ್ನು ಇನ್ನೊಮ್ಮೆ ಕೇಳಿರುತ್ತಾರೆ. ಅದು ಅಲ್ಲಿಗೆ ತಲುಪುವಾಗ ಅವರು ಎರಡನೇ ಪದದಲ್ಲಿರುತ್ತಾರೆ, ಗಕ್ಕನೆ ನಿಲ್ಲಿಸುತ್ತಾರೆ. ಇಲ್ಲಿಯವರೂ ನಿಲ್ಲಿಸುತ್ತಾರೆ. ಮತ್ತೆ ಇಬ್ಬರೂ ಒಟ್ಟಿಗೆ ಶುರು. ನೋಡುವವರಿಗೆ ಅದು ಒರಟುತನವಾಗಿ ಕಾಣುತ್ತದೆ.

ಇದಕ್ಕಿಂತ ಕೆಟ್ಟದ್ದು ಅತಿಥಿಗೆ ಅವರದೇ ದನಿ ಇಯರ್‌ಪೀಸಿನಲ್ಲಿ ತಡವಾಗಿ ಮರಳಿ ಬರುವುದು. ಪ್ರತಿ ಅತಿಥಿಗೂ ಅವರ ದನಿಯೊಂದನ್ನು ಬಿಟ್ಟು ಉಳಿದ ಎಲ್ಲವನ್ನೂ ಕಳಿಸಬೇಕು. ಧ್ವನಿ ವಿಭಾಗದಲ್ಲಿ ಕೆಲಸ ಮಾಡುವ ನಾವು ಇದನ್ನು ಮಿಕ್ಸ್-ಮೈನಸ್ ಎನ್ನುತ್ತೇವೆ. ಎಂಟು ಅತಿಥಿಗಳಿಗೆ ಎಂಟು ಬೇರೆ ಬೇರೆ ಮಿಕ್ಸ್. ಕೊನೇ ಗಳಿಗೆಯಲ್ಲಿ ಒಬ್ಬರನ್ನು ಸೇರಿಸಿದಾಗ ತಪ್ಪುವುದು ಇದೇ. ತನ್ನ ಮಾತು ಐದನೇ ಒಂದು ಸೆಕೆಂಡ್ ತಡವಾಗಿ ಕಿವಿಗೆ ಬಿದ್ದರೆ ಎಂಥ ಮಾತುಗಾರರೂ ತೊದಲುತ್ತಾರೆ, ಇಲ್ಲವೇ ಕಿರುಚುತ್ತಾರೆ. ಕಿಟಕಿಯಲ್ಲಿರುವವರಿಗೆ ಎದುರಿಗಿರುವುದು ಬರೀ ಲೆನ್ಸ್. ನಿರೂಪಕರು ತಲೆಯಾಡಿಸಿದ್ದು, ಕೈಯೆತ್ತಿದ್ದು, ಉಸಿರೆಳೆದುಕೊಂಡದ್ದು ಯಾವುದೂ ಅವರಿಗೆ ಕಾಣಿಸದು. ಸರದಿ ಪಡೆಯಲು ಅವರ ಕೈಯಲ್ಲಿ ಉಳಿದಿರುವ ಉಪಾಯ ದನಿ ಏರಿಸುವುದೊಂದೇ.

ಇಲ್ಲಿ ಮತ್ತೆ ಕ್ರಿಯಾಪದದ ವಿಷಯಕ್ಕೆ ಬರಬೇಕು. ಮಾತಾಡುವಾಗ ವಾಕ್ಯದ ಕೊನೆಗೆ ದನಿ ಸಹಜವಾಗಿ ಇಳಿಯುತ್ತದೆ. ಹಲವು ಮೈಕುಗಳಿರುವಾಗ ಗದ್ದಲ ತಡೆಯಲು ಹಾಕುವ ಗೇಟ್, ದನಿ ಒಂದು ಮಟ್ಟಕ್ಕಿಂತ ಇಳಿದ ಕೂಡಲೇ ಮೈಕನ್ನು ಮುಚ್ಚುತ್ತದೆ. ಹಾಗಾಗಿ ನುಂಗಿಹೋಗುವುದು "ಇಲ್ಲ", "ಅಲ್ಲ", "ಕೊಡಲಾರೆ", "ಸುಳ್ಳು" ಮುಂತಾದ ಪದಗಳೇ. ಗೇಟಿನ ಹೋಲ್ಡ್ ಸಮಯವನ್ನು, ಅಂದರೆ ದನಿ ಇಳಿದ ಮೇಲೂ ಮೈಕು ತೆರೆದಿರುವ ಹೊತ್ತನ್ನು, ಅರ್ಧ ಸೆಕೆಂಡಿಗೆ ಏರಿಸಿ, ಮಟ್ಟವನ್ನು ಸ್ವಲ್ಪ ತಗ್ಗಿಸಿದರೆ ಈ ಪದಗಳು ಉಳಿಯುತ್ತವೆ. ಖರ್ಚೇನೂ ಇಲ್ಲ. ಕಾಲರ್ ಮೈಕನ್ನು ಗಲ್ಲದಿಂದ ಒಂದು ಗೇಣು ಕೆಳಗೆ ಸಿಕ್ಕಿಸುವಾಗಲೂ ಅಷ್ಟೇ ಗಮನ ಬೇಕು. ರೇಷ್ಮೆ ಸೆರಗಿನ ಮಡಿಕೆಗೆ ಸಿಕ್ಕಿಸಿದರೆ ಸರಪರ ಸದ್ದು. ಕರಿಮಣಿ ಸರದ ಪಕ್ಕದಲ್ಲಿದ್ದರೆ, ಮಾತಿಗೆ ಒತ್ತು ಕೊಡಲು ಮುಂದಕ್ಕೆ ಬಾಗಿದ ಹೊತ್ತಿಗೇ ಮಣಿ ಟಕ್ ಎಂದು ಮೈಕಿಗೆ ಬಡಿದು ಮುಖ್ಯ ಪದವನ್ನೇ ಮುಚ್ಚುತ್ತದೆ. ಸರದ ಆಚೆ ಬದಿಗೆ, ಸೆರಗು ಉಜ್ಜದ ಕಡೆ ಹಾಕಿ, ವೈರಿನ ಒಂದು ಸುತ್ತನ್ನು ಕ್ಲಿಪ್ಪಿನ ಹಿಂದೆ ಬಿಟ್ಟರೆ ಸರಿಹೋಗುತ್ತದೆ.

ಇನ್ನು ಗಡಿಯಾರ. ನಿಯಮದ ಪ್ರಕಾರ ಗಂಟೆಗೆ ಜಾಹೀರಾತು 10 ನಿಮಿಷ, ವಾಹಿನಿಯ ಸ್ವಂತ ಪ್ರಚಾರ 2 ನಿಮಿಷ ಇರಬಹುದು. ಉಳಿದದ್ದು 48. ಮುಖ್ಯಾಂಶ, ದೃಶ್ಯಾವಳಿ, ನಿರೂಪಕರ ಪೀಠಿಕೆ, ಪ್ರಶ್ನೆ ಎಲ್ಲಕ್ಕೂ ಸೇರಿ 18 ನಿಮಿಷ ಎಂದಿಟ್ಟುಕೊಂಡರೆ ಎಂಟು ಜನರಿಗೆ 30 ನಿಮಿಷ, ತಲಾ ನಾಲ್ಕು ನಿಮಿಷವೂ ಇಲ್ಲ. ಅದರ ಬದಲು ಅರ್ಧ ಗಂಟೆಯ ಕಾರ್ಯಕ್ರಮಕ್ಕೆ ಒಬ್ಬರನ್ನೇ ಕರೆದರೆ, ಜಾಹೀರಾತು, ಪ್ರಚಾರ ಕಳೆದು ಉಳಿಯುವ 24 ನಿಮಿಷದಲ್ಲಿ ಪ್ರಶ್ನೆಗಳಿಗೆ ಮೂರನೇ ಒಂದು ಪಾಲು ಕೊಟ್ಟರೂ ಅವರಿಗೆ 16 ನಿಮಿಷ ಸಿಗುತ್ತದೆ. ನಾಲ್ಕು ನಿಮಿಷ ಸಿಕ್ಕವರು ಮನೆಯಲ್ಲೇ ಸಿದ್ಧಮಾಡಿಕೊಂಡು ಬಂದ ಎರಡು ವಾಕ್ಯ ಹೇಳಿ ಪಾರಾಗುತ್ತಾರೆ. ಹದಿನಾರು ನಿಮಿಷ ಪಾರಾಗುವುದು ಸುಲಭವಲ್ಲ.

ಪಾರಾಗಲು ನಾವೇ ದಾರಿ ಬಿಟ್ಟುಕೊಡುವುದೂ ಉಂಟು. "ಕೆರೆ ಹೂಳೆತ್ತುವ ದುಡ್ಡು ಎಲ್ಲಿ ಹೋಯ್ತು, ರೈತರಿಗೆ ಏನು ಹೇಳ್ತೀರಿ?" ಎಂದು ಒಂದೇ ಉಸಿರಿಗೆ ಕೇಳಿದರೆ ಮಂತ್ರಿಗಳು ಎರಡನೆಯದಕ್ಕೆ ಮಾತ್ರ ಉತ್ತರಿಸುತ್ತಾರೆ. ಒಂದು ಪ್ರಶ್ನೆ, ಒಂದು ಸಂಗತಿ: "ಈ ಕೆರೆಗೆ ಬಿಡುಗಡೆಯಾದ ಹಣದಲ್ಲಿ ಖರ್ಚಾದದ್ದು ಎಷ್ಟು?" ಉತ್ತರ ಬರದಿದ್ದರೆ ಅದನ್ನೇ, ಅದೇ ಪದಗಳಲ್ಲಿ, ದನಿ ಏರಿಸದೆ ಮತ್ತೆ ಕೇಳಬೇಕು. 1997ರಲ್ಲಿ ಬಿಬಿಸಿಯ ಜೆರೆಮಿ ಪ್ಯಾಕ್ಸ್‌ಮನ್ ಮಾಜಿ ಗೃಹಮಂತ್ರಿ ಮೈಕೆಲ್ ಹಾವರ್ಡ್ ಅವರಿಗೆ ಒಂದೇ ಪ್ರಶ್ನೆಯನ್ನು ಹತ್ತಕ್ಕೂ ಹೆಚ್ಚು ಬಾರಿ ಕೇಳಿದರು. ಉತ್ತರ ಬರಲಿಲ್ಲ ಎಂಬುದು ನೋಡಿದವರಿಗೆಲ್ಲ ಗೊತ್ತಾಯಿತು. ಕಿರುಚಾಟದಲ್ಲಿ ಅದೂ ಗೊತ್ತಾಗುವುದಿಲ್ಲ.

ಜನ ಜಗಳವನ್ನೇ ನೋಡುತ್ತಾರೆ, ಟಿಆರ್‌ಪಿ ಹಾಗೆ ಹೇಳುತ್ತದೆ ಎಂಬ ಸಮಜಾಯಿಷಿ ನಮಗೆ ಒಪ್ಪಿಗೆಯಿಲ್ಲ. 2020ರ ಅಕ್ಟೋಬರಿನಲ್ಲಿ ನಿಂತ ಸುದ್ದಿ ವಾಹಿನಿಗಳ ರೇಟಿಂಗ್ 2022ರ ಮಾರ್ಚಿನಲ್ಲಿ ಮತ್ತೆ ಶುರುವಾದಾಗ ಪ್ರಕಟವಾದದ್ದು ನಾಲ್ಕು ವಾರಗಳ ಸರಾಸರಿಯಾಗಿ. ಅಂಥ ಸರಾಸರಿ ಒಂದು ರಾತ್ರಿಯ ಗದ್ದಲಕ್ಕೆ ಎಷ್ಟು ಫಲ ಬಂತೆಂದು ಹೇಳಲಾರದು.

ಕನ್ನಡ ವಾಹಿನಿಗಳಲ್ಲಿ ನಮ್ಮ ಕೋರಿಕೆ ಇಷ್ಟು. ವಾರದಲ್ಲಿ ಒಂದು ರಾತ್ರಿಯಾದರೂ ಎಂಟು ಕಿಟಕಿ ಮುಚ್ಚಿ, ಒಬ್ಬರನ್ನು ಸ್ಟುಡಿಯೋಗೆ ಕರೆಸಿ ಎದುರಿಗೆ ಕೂರಿಸಿ. ಮೂರು ಕ್ಯಾಮೆರಾ ಸಾಕು: ಒಂದು ಇಬ್ಬರನ್ನೂ ಹಿಡಿಯಲು, ಒಂದು ನಿರೂಪಕರಿಗೆ, ಒಂದು ಅತಿಥಿಯ ಮುಖದಿಂದ ಕದಲದೆ ನಿಲ್ಲಲು. ಬರಲಾಗದವರು ದೂರದಿಂದಲೇ ಸೇರುವುದಾದರೆ ಒಬ್ಬರು, ಹೆಚ್ಚೆಂದರೆ ಇಬ್ಬರು. ನೇರಪ್ರಸಾರಕ್ಕೆ ಹತ್ತು ನಿಮಿಷ ಮುಂಚೆ ಅವರಿಗೆ ಒಂದರಿಂದ ಹತ್ತು ಎಣಿಸಲು ಹೇಳಿ, ಅವರದೇ ದನಿ ಮರಳುತ್ತಿಲ್ಲವೆಂದು ಕೇಳಿ ಖಚಿತಪಡಿಸಿಕೊಳ್ಳಿ. ತಡ ಎಷ್ಟು ಸೆಕೆಂಡ್ ಎಂದು ನಿರೂಪಕರಿಗೆ ಮೊದಲೇ ತಿಳಿಸಿ. ಮತ್ತು ನಿಯಂತ್ರಣ ಕೊಠಡಿಯಲ್ಲಿ, ನಿರೂಪಕರ ಕಿವಿಗೆ ಮಾತು ತಲುಪಿಸುವ ಟಾಕ್‌ಬ್ಯಾಕ್ ಗುಂಡಿಯ ಮೇಲೆ ಬೆರಳಿಟ್ಟು ಕೂತವರು, "ಕಟ್ ಮಾಡಿ, ಮುಂದಿನವರಿಗೆ ಹೋಗಿ" ಎನ್ನುವ ಮುಂಚೆ ಆ ವಾಕ್ಯ ಮುಗಿಯಿತೇ ಎಂದು ಒಮ್ಮೆ ಕಿವಿಗೊಡಲಿ.

ಕಿರುತೆರೆ ಧ್ವನಿ ಮತ್ತು ನಿರ್ಮಾಣ ವಿಭಾಗದ ಕೆಲವು ಕೆಲಸಗಾರರು,
ಬೆಂಗಳೂರು