ಚೆಂಡು ಬದಲಾಯಿಸುವ ಮೊದಲು ಒಂದು ಮಾತು ಕೇಳಿ

ಭಾನುವಾರದ ಬ್ಯಾಚಿನ ಗೆಳೆಯರಿಗೆ ನಮಸ್ಕಾರ.

ಬರುವ ಸೋಮವಾರದಿಂದ ಪುಣೆಯ ಕೋಥ್ರೂಡಿನ ನಮ್ಮ ಪಿಕಲ್‌ಬಾಲ್ (ತೂತಿರುವ ಪ್ಲಾಸ್ಟಿಕ್ ಚೆಂಡನ್ನು ಬ್ಯಾಟಿನಿಂದ ನೆಟ್ ಮೇಲೆ ಹೊಡೆಯುವ ಆಟ) ಕೋರ್ಟುಗಳಲ್ಲಿ ಚೆಂಡು ನಾವೇ ಕೊಡುತ್ತೇವೆ. ಬಾಡಿಗೆ ಜಾಸ್ತಿ ಮಾಡುತ್ತಿಲ್ಲ. ಗೇಮ್ ಶುರುವಾದ ಮೇಲೆ ಚೆಂಡು ಬದಲಾಯಿಸಬೇಕಾದರೆ ನಾಲ್ವರೂ ಒಪ್ಪಬೇಕು. ಗೇಟಿಗೆ ಮರಾಠಿಯಲ್ಲಿ ಬೋರ್ಡ್ ಹಾಕಿದ್ದೇವೆ. ಈ ಬ್ಯಾಚಿನಲ್ಲಿ ನಮ್ಮ ಕಡೆಯವರೇ ಹೆಚ್ಚು, ಕಾರಣವನ್ನು ಕನ್ನಡದಲ್ಲೇ ಹೇಳೋಣ ಅನ್ನಿಸಿತು.

ಹೋದ ವಾರ ಒಂದು ಗೇಮ್ 8-8ರಲ್ಲಿತ್ತು. ಚೆಂಡು ಪಕ್ಕದ ಕೋರ್ಟಿಗೆ ಉರುಳಿತು. ಸರ್ವ್ ಮಾಡಬೇಕಾದವರು ಜೇಬಿನಿಂದ ಹೊಸದೊಂದು ತೆಗೆದು ಹೊಡೆದೇಬಿಟ್ಟರು. ಕೆಟ್ಟ ಮನಸ್ಸಿನಿಂದ ಅಲ್ಲ, ಅದು ನಮಗೆ ಗೊತ್ತು. ಆದರೆ ಎದುರಿನವರ ಕೈ ಹಳೆ ಚೆಂಡಿಗೆ ಹೊಂದಿಕೊಂಡಿತ್ತು. ಹೊಸದು ಸರ್ರನೆ ಜಾರಿ ಬಂತು. ಮೂರು ಪಾಯಿಂಟ್ ಹೋಯಿತು, ಗೇಮೂ ಹೋಯಿತು. ಆಟ ಮುಗಿದ ಮೇಲೆ ಒಟ್ಟಿಗೆ ಚಹಾ ಕುಡಿಯುತ್ತಿದ್ದವರು ಅವತ್ತು ಮಾತಾಡದೆ ಗಾಡಿ ಹತ್ತಿದರು. ನೋಡಿ ಬಹಳ ಬೇಜಾರಾಯಿತು.

ತಪ್ಪು ನಮ್ಮದೂ ಇದೆ. ನಮ್ಮ ಬುಟ್ಟಿಯಲ್ಲಿ ಎರಡು ಬಗೆಯ ಚೆಂಡು ಬೆರೆತಿದ್ದವು. ಒಳಾಂಗಣದ ಚೆಂಡಿಗೆ ಸಾಮಾನ್ಯವಾಗಿ 26 ದೊಡ್ಡ ತೂತು, ಬಯಲಿನದಕ್ಕೆ 40 ಸಣ್ಣ ತೂತು. ಬಯಲಿನದು ಗಟ್ಟಿ, ವೇಗವೂ ಜಾಸ್ತಿ. ಇನ್ನು 40 ತೂತಿನವು ಮಾತ್ರ ಇರುತ್ತವೆ. ಪ್ರತಿಯೊಂದರ ಮೇಲೂ ಮಾರ್ಕರಿನಲ್ಲಿ ಕೋರ್ಟಿನ ನಂಬರ್ ಬರೆದಿದ್ದೇವೆ. ಪಕ್ಕದವರ ಚೆಂಡು ನಿಮ್ಮ ಕಡೆ ಬಂದರೆ ಆಟ ನಿಲ್ಲಿಸಿ, ಅದನ್ನೇ ವಾಪಸ್ ಕೊಡಿ. ನಿಮ್ಮದೇ ಚೆಂಡು ಇಷ್ಟವಾದರೆ ಧಾರಾಳವಾಗಿ ತನ್ನಿ, ಗೇಮಿಗೆ ಮೊದಲೇ ಎಲ್ಲರಿಗೂ ತೋರಿಸಿ.

ಚೆಂಡು ಒಡೆದರೆ? ಪುಣೆಯ ಡಿಸೆಂಬರ್ ಚಳಿಗೆ ಪ್ಲಾಸ್ಟಿಕ್ ಬೇಗ ಬಿರುಕು ಬಿಡುತ್ತದೆ, ಏಪ್ರಿಲ್ ಬಿಸಿಲಿಗೆ ಮೆತ್ತಗಾಗುತ್ತದೆ. ಎರಡು ತೂತುಗಳ ನಡುವೆ ಕೂದಲೆಳೆಯಂಥ ಗೆರೆ, ಕಣ್ಣಿಗೆ ಬೀಳುವುದೇ ಕಷ್ಟ. ಕಿವಿಗೆ ಮೊದಲು ಗೊತ್ತಾಗುತ್ತದೆ: ‘ಟಕ್’ ಅನ್ನಬೇಕಾದದ್ದು ‘ಡಬ್’ ಅನ್ನುತ್ತದೆ. ಅನುಮಾನ ಬಂದರೆ ರ‍್ಯಾಲಿ ಮುಗಿಸಿ, ಮುಂದಿನ ಸರ್ವ್‌ಗೆ ಮೊದಲು ಹೇಳಿ. ಎದುರಿನವರೂ ಹೆಬ್ಬೆರಳಿನಿಂದ ಒತ್ತಿ ನೋಡಲಿ. ಆ ಒಡಕಿನಿಂದಲೇ ಪಾಯಿಂಟ್ ಹೋಯಿತು ಅಂತ ಎಲ್ಲರಿಗೂ ಅನ್ನಿಸಿದರೆ ಮತ್ತೆ ಆಡಿ. ಇಲ್ಲವಾದರೆ ಆದದ್ದು ಆಯಿತು. ಒಡೆದದ್ದನ್ನು ಗೇಟಿನ ಹತ್ತಿರದ ಕೆಂಪು ಬಕೆಟಿಗೆ ಹಾಕಿ. ಬುಟ್ಟಿಗೆ ಹಾಕಿದರೆ ಮುಂದಿನ ಬ್ಯಾಚಿನವರಿಗೆ ಅದೇ ಸಿಗುತ್ತದೆ, ಅಲ್ವಾ?

ಹೋದ ವಾರ ಆಡಿದ ಆ ನಾಲ್ವರಿಗೆ: ಬೆಳಿಗ್ಗೆ 7ರ ನಿಮ್ಮ ಸ್ಲಾಟ್ ಬೇರೆ ಯಾರಿಗೂ ಕೊಟ್ಟಿಲ್ಲ. ದಯವಿಟ್ಟು ಬನ್ನಿ. ಚಹಾ ನಮ್ಮ ಕಡೆಯಿಂದ.

ನಿಮ್ಮ
ಕೋರ್ಟಿನ ಬಳಗ